ಕರ್ನಲ್ ಸ್ಟ್ಯಾಪ್: ರಾಕೆಟ್ ಬಂಡಿಯಿಂದ ಸೀಟ್ ಬೆಲ್ಟ್‌ವರೆಗೆ

1955ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ವೈದ್ಯರ ಚಿತ್ರ ಬಂತು. ಅವರು ಯಾವ ಹೊಸ ಔಷಧವನ್ನೂ ಕಂಡುಹಿಡಿದಿರಲಿಲ್ಲ. ನೆಲದ ಮೇಲೆ ಅತ್ಯಂತ ವೇಗವಾಗಿ ಹೋದ ಮನುಷ್ಯ ಎಂದು ಆಗ ಅವರ ಹೆಸರು ಮನೆಮಾತಾಗಿತ್ತು. ಅವರೇ ಕರ್ನಲ್ ಜಾನ್ ಪಾಲ್ ಸ್ಟ್ಯಾಪ್. ಆದರೆ ನಾನು ಈ ಲೇಖನ ಬರೆಯುತ್ತಿರುವುದು ಅವರು ಎಷ್ಟು ವೇಗವಾಗಿ ಹೋದರು ಎಂದು ಹೇಳುವುದಕ್ಕಲ್ಲ, ಎಷ್ಟು ಬೇಗ ನಿಂತರು ಎಂದು ಹೇಳುವುದಕ್ಕೆ. ಅವರ ಬದುಕಿನ ಸಾರವೆಲ್ಲ ಆ ನಿಲ್ಲುವ ಕ್ಷಣದಲ್ಲೇ ಇದೆ.

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಾದ ನಾನು ಸ್ಟ್ಯಾಪ್ ಅವರ ಬಗ್ಗೆ ಓದಲು ತೊಡಗಿದ್ದು ನ್ಯೂಟನ್ನನ ಚಲನೆಯ ನಿಯಮಗಳ ಪಾಠದ ನಂತರ. ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ನಿಯಮವನ್ನು ಒಬ್ಬ ಮನುಷ್ಯ ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದ್ದಾನೆ ಎಂಬುದು ನನಗೆ ದೊಡ್ಡ ಆಶ್ಚರ್ಯ. ರಜೆ, ಮದುವೆ, ಹಬ್ಬದ ಓಡಾಟಗಳು ಎದುರಿಗಿರುವ ಈ ಹೊತ್ತಿನಲ್ಲಿ, ಚಿಕ್ಕ ತಮ್ಮ ತಂಗಿಯರಿರುವ ನಾವೆಲ್ಲರೂ ಅವರ ಬದುಕನ್ನು ತಿಳಿಯಬೇಕು ಎಂದು ನನಗನ್ನಿಸಿತು.

ಉಳಿಸಲಾಗದ ಮಗು

ಸ್ಟ್ಯಾಪ್ ಹುಟ್ಟಿದ್ದು 1910ರ ಜುಲೈ 11ರಂದು, ಬ್ರೆಜಿಲ್ ದೇಶದ ಬಾಯಿಯಾದಲ್ಲಿ. ತಂದೆ ತಾಯಿ ಅಮೆರಿಕದಿಂದ ಅಲ್ಲಿಗೆ ಹೋಗಿದ್ದ ಕ್ರೈಸ್ತ ಮಿಷನರಿಗಳು. ನಾಲ್ಕು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಹನ್ನೆರಡನೇ ವಯಸ್ಸಿನ ಸುಮಾರಿಗೆ ಓದಿಗಾಗಿ ಅಮೆರಿಕದ ಟೆಕ್ಸಾಸ್‌ಗೆ ಬಂದರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ. ಹೈಸ್ಕೂಲು ಮುಗಿಸಿ ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯ ಸೇರಿದರು.

ಅವರ ಬದುಕಿನ ದಿಕ್ಕು ಬದಲಾದದ್ದು 1928ರ ಡಿಸೆಂಬರ್ ರಜೆಯಲ್ಲಿ. ಆಗ ಅವರಿಗೆ ಹದಿನೆಂಟು ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಸಂಬಂಧಿಕರ ಮನೆಯಲ್ಲಿ ಚಳಿ ಕಾಯಿಸಲು ಹಾಕಿದ್ದ ಬೆಂಕಿಗೆ ಅಂಬೆಗಾಲಿಡುತ್ತ ಹೋದ ಪುಟ್ಟ ಮಗು ಸುಟ್ಟುಕೊಂಡಿತು. ಸ್ಟ್ಯಾಪ್ ಆ ಮಗುವಿನ ಪಕ್ಕದಲ್ಲಿ ಹಗಲೂ ರಾತ್ರಿ ಕೂತು ಎರಡು ಮೂರು ದಿನ ಆರೈಕೆ ಮಾಡಿದರು. ಮಗು ಉಳಿಯಲಿಲ್ಲ. ಅವರು ಕಣ್ಣಾರೆ ಕಂಡ ಮೊದಲ ಸಾವು ಅದು. ವೈದ್ಯನಾಗಬೇಕೆಂದು ಅವರು ನಿರ್ಧರಿಸಿದ್ದು ಅಲ್ಲೇ.

ನಿರ್ಧಾರ ಮಾಡಿದಷ್ಟು ಸುಲಭವಾಗಿ ವೈದ್ಯಕೀಯ ಶಿಕ್ಷಣ ಸಿಗಲಿಲ್ಲ. ಅದಕ್ಕೆ ಬೇಕಾದ ಹಣ ಅವರ ಬಳಿ ಇರಲಿಲ್ಲ. ಬೇಲರ್‌ನಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಪಾಠ ಹೇಳುತ್ತ ಕೆಲವು ವರ್ಷ ಕಳೆದರು. 1940ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಜೈವಿಕ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆಮೇಲೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದು ಮುಗಿಸಿ 1944ರಲ್ಲಿ ಸೇನೆಯ ವೈದ್ಯಕೀಯ ವಿಭಾಗಕ್ಕೆ ಸೇರಿದರು. ಮಗುವಿನ ಪಕ್ಕದಲ್ಲಿ ಕೂತು ಮಾಡಿದ ನಿರ್ಧಾರ ಕೈಗೂಡಲು ಸುಮಾರು ಹದಿನೈದು ವರ್ಷ ಬೇಕಾಯಿತು. ಒಂದು ವರ್ಷ ಸೀಟು ಸಿಗದಿದ್ದರೆ ಬದುಕೇ ಮುಗಿಯಿತೆಂದು ಕೈಚೆಲ್ಲುವ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬೆಲ್ಟ್ ತಡೆಯದ ಗೊಂಬೆ

ವಾಯುಪಡೆಯಲ್ಲಿ ಅವರ ಮೊದಲ ಕೆಲಸ ಅತಿ ಎತ್ತರದಲ್ಲಿ ಹಾರುವವರ ಉಸಿರಾಟದ ಬಗ್ಗೆ. ಹೊರಡುವ ಮುನ್ನ ಅರ್ಧ ಗಂಟೆ ಶುದ್ಧ ಆಮ್ಲಜನಕ ಉಸಿರಾಡಿದರೆ, ಎತ್ತರದಲ್ಲಿ ರಕ್ತದೊಳಗೆ ಗಾಳಿಗುಳ್ಳೆಗಳಾಗಿ ಬರುವ ನೋವನ್ನು ತಪ್ಪಿಸಬಹುದೆಂದು ಅವರು ತಾವೇ ಹಾರಿ ತೋರಿಸಿದರು. 1947ರಲ್ಲಿ ಅವರಿಗೆ ಇನ್ನೊಂದು ಕೆಲಸ ಬಂತು. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಪೈಲಟ್‌ನ ದೇಹ ಎಷ್ಟು ಪೆಟ್ಟು ತಡೆಯಬಲ್ಲದು ಎಂದು ಕಂಡುಹಿಡಿಯುವುದು.

ಇಲ್ಲಿ ಜಿ ಎಂಬ ಅಳತೆಯನ್ನು ಸ್ವಲ್ಪ ವಿವರಿಸುತ್ತೇನೆ, ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳತಿಯರಿಗೂ ಅನುಕೂಲವಾಗಲಿ. ನಾವು ಸುಮ್ಮನೆ ನಿಂತಿರುವಾಗ ಭೂಮಿ ನಮ್ಮನ್ನು ಎಳೆಯುವ ಬಲ 1 ಜಿ. ವೇಗವಾಗಿ ಹೋಗುತ್ತಿರುವ ವಾಹನ ಥಟ್ಟನೆ ನಿಂತಾಗ ನಮ್ಮ ದೇಹದ ಮೇಲೆ ಅದರ ಹತ್ತುಪಟ್ಟು ಬಲ ಬಿದ್ದರೆ ಅದು 10 ಜಿ. ಆಗ 50 ಕಿಲೋ ತೂಕದ ದೇಹವನ್ನು ಹಿಡಿದು ನಿಲ್ಲಿಸಲು 500 ಕಿಲೋ ಹೊರುವಷ್ಟು ಬಲ ಬೇಕು.

18 ಜಿಗಿಂತ ಹೆಚ್ಚು ಪೆಟ್ಟು ಬಿದ್ದರೆ ಮನುಷ್ಯ ಬದುಕುವುದಿಲ್ಲ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಹಾಗಾಗಿ ವಿಮಾನದ ಸೀಟು, ಪಟ್ಟಿ, ಕಾಕ್‌ಪಿಟ್ ಎಲ್ಲವನ್ನೂ ಆ ಮಿತಿಗೆ ತಕ್ಕಂತೆ ಮಾಡುತ್ತಿದ್ದರು. ಹೇಗೂ ಸಾಯುವವನಿಗೆ ಗಟ್ಟಿ ಸೀಟು ಏಕೆ ಎಂಬ ಲೆಕ್ಕ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದ ಕೆಲವು ಅಪಘಾತಗಳಲ್ಲಿ ಪೈಲಟ್‌ಗಳು ಬದುಕಿ ಬಂದಿದ್ದರು. ಹಾಗಾದರೆ ಉಳಿದವರನ್ನು ಕೊಂದದ್ದು ಪೆಟ್ಟೋ, ಅಥವಾ ಬಿಡಿಸಿಕೊಂಡು ಬಂದ ಸೀಟೂ ಹರಿದುಹೋದ ಪಟ್ಟಿಯೂ ಕೊಂದವೋ? ಸ್ಟ್ಯಾಪ್ ಅವರ ಮುಂದಿದ್ದ ಪ್ರಶ್ನೆ ಇದು.

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಇಂದು ಎಡ್ವರ್ಡ್ಸ್ ವಾಯುನೆಲೆ ಇರುವ ಮ್ಯೂರಾಕ್‌ನಲ್ಲಿ, ಸುಮಾರು 2000 ಅಡಿ ಉದ್ದದ ರೈಲು ಹಳಿಯಿತ್ತು. ಅದರ ಮೇಲೆ ಒಂದು ಬಂಡಿ ಇಟ್ಟು, ಹಿಂದೆ ರಾಕೆಟ್ ಕಟ್ಟಿ, ಹಳಿಯ ಕೊನೆಯಲ್ಲಿ ಬಲವಾದ ಬ್ರೇಕ್‌ಗಳನ್ನು ಅಳವಡಿಸಿದರು. ಬಂಡಿಯ ಹೆಸರು ಗೀ ವಿಜ್. ಮೊದಲು ಅದರಲ್ಲಿ ಕೂರಿಸಿದ್ದು ಮನುಷ್ಯನಷ್ಟೇ ತೂಕದ ಒಂದು ಗೊಂಬೆಯನ್ನು. ಅದಕ್ಕೆ ಆಸ್ಕರ್ ಎಂದು ಹೆಸರಿಟ್ಟಿದ್ದರು. ಒಂದು ಓಟದಲ್ಲಿ ಬ್ರೇಕ್ ಹಿಡಿದು ಬಂಡಿ ನಿಂತಿತು, ಗೊಂಬೆ ನಿಲ್ಲಲಿಲ್ಲ. ಪಟ್ಟಿ ಹರಿದು, ಮುಂದಿದ್ದ ಮರದ ಹಲಗೆಯನ್ನು ಸೀಳಿಕೊಂಡು, ಮರುಭೂಮಿಯಲ್ಲಿ ನೂರಾರು ಅಡಿ ದೂರ ಹಾರಿ ಬಿತ್ತು.

ಈ ಪ್ರಸಂಗ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಬಂಡಿಗೆ ಬ್ರೇಕ್ ಇದೆ, ಒಳಗೆ ಕೂತವರಿಗೆ ಬ್ರೇಕ್ ಇಲ್ಲ. ಪಟ್ಟಿ ಇಲ್ಲದ ದೇಹಕ್ಕೆ ಬಂಡಿ ನಿಂತದ್ದು ಗೊತ್ತೇ ಆಗುವುದಿಲ್ಲ, ಅದು ಹಳೆಯ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ನ್ಯೂಟನ್ನನ ಮೊದಲ ನಿಯಮ ಹೇಳುವುದೂ ಇದನ್ನೇ.

ತಾನೇ ಕೂತ ವೈದ್ಯ

ಗೊಂಬೆಗೆ ನೋವಾಗುವುದಿಲ್ಲ, ಗೊಂಬೆಯ ಶ್ವಾಸಕೋಶ, ಕಣ್ಣು, ಮಿದುಳು ಏನಾಗುತ್ತದೆಂದು ಹೇಳಲು ಬರುವುದಿಲ್ಲ. ಹತ್ತಾರು ಪರೀಕ್ಷಾ ಓಟಗಳ ನಂತರ, 1947ರ ಡಿಸೆಂಬರ್‌ನಲ್ಲಿ ಸ್ಟ್ಯಾಪ್ ತಾವೇ ಬಂಡಿ ಏರಿದರು. ಬೇರೆಯವರನ್ನು ಅಪಾಯಕ್ಕೆ ದೂಡುವ ಮೊದಲು ತಾನು ಕೂರಬೇಕು ಎಂಬುದು ಅವರ ನಿಲುವಾಗಿತ್ತು. ಮೊದಲ ಓಟದಲ್ಲಿ ಬೆನ್ನು ಮುಂದಾಗಿ, ಮುಖ ಹಿಂದಾಗಿ ಕೂತರು. ಮುಂದಿನ ವರ್ಷ ಮುಗಿಯುವ ಹೊತ್ತಿಗೆ ಹದಿನಾರು ಬಾರಿ ಓಡಿ 35 ಜಿವರೆಗೆ ತಲುಪಿದ್ದರು. 18 ಜಿ ಎಂಬ ಸಾವಿನ ಗೆರೆ ಅಳಿಸಿಹೋಯಿತು.

ಇದಕ್ಕೆ ಅವರು ಕೊಟ್ಟ ಬೆಲೆ ಸಣ್ಣದಲ್ಲ. ಪಕ್ಕೆಲುಬು ಬಿರುಕು ಬಿಟ್ಟವು, ಮಣಿಕಟ್ಟು ಎರಡು ಸಲ ಮುರಿಯಿತು, ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಉದುರಿತು, ಕಣ್ಣೊಳಗೆ ರಕ್ತ ಸೋರಿತು. ಮೇಲಧಿಕಾರಿಗಳು ಸಾಕು ಎಂದರೂ ಅವರು ನಿಲ್ಲಿಸಲಿಲ್ಲ. ಅದೇ ದಿನಗಳಲ್ಲಿ ಸಂಜೆ ಹೊತ್ತು ವಾಯುನೆಲೆಯ ಸಿಬ್ಬಂದಿಯ ಹೆಂಡತಿ ಮಕ್ಕಳಿಗೆ ಅವರು ಉಚಿತವಾಗಿ ಚಿಕಿತ್ಸೆ ಕೊಡುತ್ತಿದ್ದರು ಎಂದು ಓದಿದಾಗ, 1928ರ ಆ ಮಗು ಅವರ ಮನಸ್ಸಿನಿಂದ ದೂರವಾಗಿರಲಿಲ್ಲ ಎಂದೇ ನನಗನ್ನಿಸಿತು.

ತಪ್ಪಾಗಲು ದಾರಿಯಿದ್ದರೆ ತಪ್ಪು ಆಗಿಯೇ ತೀರುತ್ತದೆ ಎಂಬ ಅರ್ಥದ ಮರ್ಫಿ ನಿಯಮವನ್ನು ನಾವು ತಮಾಷೆಗೆ ಹೇಳುತ್ತಿರುತ್ತೇವೆ. ಅದು ಹೆಸರಾದದ್ದೂ ಈ ಹಳಿಯ ಬಳಿಯಿಂದಲೇ. 1949ರಲ್ಲಿ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರ್ ತಂದ ಅಳತೆಯ ಸಾಧನಗಳ ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದ್ದರಿಂದ ಒಂದು ಓಟದ ಅಂಕಿ ಅಂಶವೆಲ್ಲ ವ್ಯರ್ಥವಾಯಿತು. ಸ್ಟ್ಯಾಪ್ ಅದನ್ನು ನಗೆಯ ಮಾತಾಗಿ ಬಿಡಲಿಲ್ಲ. ಏನೆಲ್ಲ ಕೆಡಬಹುದೋ ಅದನ್ನು ಮೊದಲೇ ಯೋಚಿಸಿ ತಯಾರಾಗಿರಬೇಕು ಎಂಬ ಪಾಠವಾಗಿ ಪತ್ರಕರ್ತರಿಗೆ ವಿವರಿಸಿದರು. ಅಪಘಾತ ಆಗುವುದಿಲ್ಲ ಎಂದು ನಂಬಿಕೊಂಡು ಹೊರಡುವವರಿಗೂ ಆದರೆ ಏನು ಎಂದು ಕೇಳಿಕೊಂಡು ಹೊರಡುವವರಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?

1953ರಲ್ಲಿ ಅವರು ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಗೆ ಹೋದರು. ಅಲ್ಲಿ ಇನ್ನೂ ಉದ್ದದ ಹಳಿ, ಇನ್ನೂ ಬಲವಾದ ಬಂಡಿ. ಅದರ ಹೆಸರು ಸಾನಿಕ್ ವಿಂಡ್. 1954ರ ಡಿಸೆಂಬರ್ 10ರಂದು ಅವರು ಕೊನೆಯ ಸಲ ಬಂಡಿ ಏರಿದರು. ಅದು ಅವರ ಇಪ್ಪತ್ತೊಂಬತ್ತನೇ ಓಟ. ಕಣ್ಣು ಹೋಗಬಹುದೆಂಬ ಭಯವಿತ್ತು, ಅದಕ್ಕಾಗಿ ಮೊದಲೇ ಕೋಣೆಯ ದೀಪ ಆರಿಸಿ ಕತ್ತಲಲ್ಲಿ ಬಟ್ಟೆ ತೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಒಂಬತ್ತು ರಾಕೆಟ್‌ಗಳು ಒಟ್ಟಿಗೆ ಹೊತ್ತಿಕೊಂಡವು. ಐದು ಸೆಕೆಂಡಿನಲ್ಲಿ ಬಂಡಿ ಗಂಟೆಗೆ 1017 ಕಿ.ಮೀ. ವೇಗ ಮುಟ್ಟಿತು, ಮೇಲೆ ಹಾರುತ್ತಿದ್ದ ವಿಮಾನವನ್ನೇ ಹಿಂದಿಕ್ಕಿತು. ಆಮೇಲೆ 1.4 ಸೆಕೆಂಡಿನಲ್ಲಿ ನಿಂತಿತು.

ವಿಜ್ಞಾನ ವಿಭಾಗದವರು ಲೆಕ್ಕ ಹಾಕಿ ನೋಡಿ. ಸರಾಸರಿಯೇ 20 ಜಿ ದಾಟುತ್ತದೆ. ಅತಿ ಹೆಚ್ಚಿನ ಕ್ಷಣದಲ್ಲಿ ದಾಖಲಾದದ್ದು 46.2 ಜಿ. ಅಂದರೆ 75 ಕಿಲೋ ತೂಕದ ದೇಹ ಆ ಕ್ಷಣದಲ್ಲಿ ಮೂರು ಟನ್‌ಗೂ ಮಿಕ್ಕಿ ತೂಗುತ್ತದೆ. ಬಂಡಿಯಿಂದ ಇಳಿಸಿದಾಗ ಸ್ಟ್ಯಾಪ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡೂ ಕಣ್ಣುಗಳ ರಕ್ತನಾಳಗಳು ಒಡೆದು ಕೆಂಪಾಗಿದ್ದವು. ಹೊತ್ತು ಕಳೆದಂತೆ ದೃಷ್ಟಿ ಮರಳಿತು. ಅವರು ಬದುಕಿದರು, ಮತ್ತೆ ಕೆಲಸಕ್ಕೆ ಬಂದರು.

ಅವರು ಬದುಕಿದ್ದು ಗಟ್ಟಿ ಮೈಯವರೆಂದಲ್ಲ. ಭುಜ, ಎದೆ, ಸೊಂಟ, ತೊಡೆ ಎಲ್ಲವನ್ನೂ ಅಗಲವಾದ ಪಟ್ಟಿಗಳು ಸೀಟಿಗೆ ಬಿಗಿದಿದ್ದವು, ಸೀಟು ಬಂಡಿಗೆ ಬಿಗಿದಿತ್ತು. ದೇಹ ಬಂಡಿಯ ಜೊತೆಯಲ್ಲೇ ನಿಂತಿತು. ಸರಿಯಾಗಿ ಹಿಡಿದಿಟ್ಟ ದೇಹ ನಾವು ಊಹಿಸುವುದಕ್ಕಿಂತ ಹೆಚ್ಚು ತಡೆಯುತ್ತದೆ, ಹಿಡಿದಿಡದ ದೇಹ ಸಣ್ಣ ಪೆಟ್ಟಿಗೂ ಹೋಗುತ್ತದೆ. ಇಪ್ಪತ್ತೊಂಬತ್ತು ಓಟಗಳ ಫಲಿತಾಂಶ ಇಷ್ಟೇ.

ಆಕಾಶದಿಂದ ರಸ್ತೆಗೆ

ಇಲ್ಲಿಗೆ ಅವರ ಕೆಲಸ ಮುಗಿಯಬಹುದಿತ್ತು. ಹೆಸರು ಬಂದಿತ್ತು, ಅವರ ಕೆಲಸದ ಮೇಲೆ ಸಿನಿಮಾ ಕೂಡ ಆಯಿತು. ಆದರೆ ವಾಯುಪಡೆಯ ಸಾವಿನ ಲೆಕ್ಕ ನೋಡುವಾಗ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ವಿಮಾನ ಬಿದ್ದು ಸಾಯುವ ಪೈಲಟ್‌ಗಳಿಗಿಂತ ಕಾರು ಅಪಘಾತದಲ್ಲಿ ಸಾಯುವ ಪೈಲಟ್‌ಗಳೇ ಹೆಚ್ಚು. ಶಬ್ದದ ವೇಗದಲ್ಲಿ ಹಾರುವಾಗ ನಾಲ್ಕು ಪಟ್ಟಿ ಬಿಗಿದು ಕೂರುವವರು, ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ಪಟ್ಟಿಯೂ ಇಲ್ಲದೆ ಕೂರುತ್ತಿದ್ದರು. ಆಗಿನ ಕಾರುಗಳಲ್ಲಿ ಪಟ್ಟಿಯೇ ಇರಲಿಲ್ಲ ಎನ್ನಬೇಕು. ಡ್ಯಾಶ್‌ಬೋರ್ಡ್ ಗಟ್ಟಿ ಲೋಹದ್ದು, ಸ್ಟೇರಿಂಗ್ ಕಂಬ ಎದೆಗೆ ಗುರಿಯಿಟ್ಟ ಈಟಿಯಂತೆ, ಬಾಗಿಲುಗಳು ಪೆಟ್ಟು ಬಿದ್ದೊಡನೆ ತೆರೆದುಕೊಳ್ಳುವಂಥವು.

1955ರ ಮೇ ತಿಂಗಳಲ್ಲಿ ಸ್ಟ್ಯಾಪ್ ಕಾರು ಕಂಪನಿಗಳ ಎಂಜಿನಿಯರ್‌ಗಳನ್ನೂ ವೈದ್ಯರನ್ನೂ ಸಂಶೋಧಕರನ್ನೂ ಹಾಲೊಮನ್‌ಗೆ ಕರೆದು ತಮ್ಮ ಪ್ರಯೋಗಗಳನ್ನು ತೋರಿಸಿದರು. ಗುಜರಿ ಕಾರುಗಳಲ್ಲಿ ಗೊಂಬೆಗಳನ್ನು ಕೂರಿಸಿ ಗುದ್ದಿಸುವ ಪರೀಕ್ಷೆಗಳನ್ನೂ ಕೈಗೊಂಡರು. ವಾಯುಪಡೆಗೆ ಕಾರಿನ ಚಿಂತೆ ಏಕೆ ಎಂದು ಆಕ್ಷೇಪ ಬಂದಾಗ, ಸತ್ತ ಒಬ್ಬೊಬ್ಬ ಪೈಲಟ್‌ನ ತರಬೇತಿಗೆ ಎಷ್ಟು ಹಣ ಖರ್ಚಾಗಿದೆ ಎಂಬ ಲೆಕ್ಕವನ್ನು ಮುಂದಿಟ್ಟರು. ಅಂದು ನಡೆದ ಸಮಾವೇಶ ಸ್ಟ್ಯಾಪ್ ಕಾರ್ ಕ್ರ್ಯಾಶ್ ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ ಇಂದಿಗೂ ಮುಂದುವರಿದಿದೆ.

ಅದೇ ಕಾಲದಲ್ಲಿ ಬೇರೆ ಕಡೆಗಳಲ್ಲೂ ಕೆಲಸ ನಡೆಯುತ್ತಿತ್ತು. 1959ರಲ್ಲಿ ಸ್ವೀಡನ್‌ನ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ರೂಪಿಸಿದ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಬೆಲ್ಟ್ ಕಾರುಗಳಲ್ಲಿ ಬಂತು. ನಾವು ಇಂದು ಹಾಕಿಕೊಳ್ಳುವುದು ಅದನ್ನೇ. ಬೋಲಿನ್ ಕೂಡ ಮೊದಲು ವಿಮಾನದ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. ಸ್ವೀಡನ್‌ನವರೇ ಆದ ಬರ್ಟಿಲ್ ಆಲ್ಡ್‌ಮನ್ 1964ರ ಸುಮಾರಿಗೆ ಮಕ್ಕಳಿಗಾಗಿ ಹಿಮ್ಮುಖ ಸೀಟನ್ನು ರೂಪಿಸಿದರು. ಗಗನಯಾತ್ರಿಗಳು ಬೆನ್ನಿನ ಮೇಲೆ ಬಲ ತೆಗೆದುಕೊಳ್ಳುವಂತೆ ಮಲಗಿ ಕೂರುವುದು ಅವರಿಗೆ ಪ್ರೇರಣೆ. ಬೆನ್ನು ಮುಂದಾಗಿ ಕೂತರೆ ದೇಹ ಪೆಟ್ಟನ್ನು ಹೆಚ್ಚು ತಾಳುತ್ತದೆ ಎಂದು ಸ್ಟ್ಯಾಪ್ ಕೂಡ ತಮ್ಮ ಓಟಗಳಿಂದ ತಿಳಿದು, ಸೇನೆಯ ಸಾಗಣೆ ವಿಮಾನಗಳಲ್ಲಿ ಹಿಮ್ಮುಖ ಸೀಟುಗಳಿರಬೇಕೆಂದು ಹೇಳಿದ್ದರು.

1966ರ ಸೆಪ್ಟೆಂಬರ್ 9ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದಾಗ ಸ್ಟ್ಯಾಪ್ ಅಲ್ಲಿದ್ದರು. 1968ರಿಂದ ಅಲ್ಲಿ ಹೊಸ ಕಾರುಗಳಿಗೆ ಸೀಟ್ ಬೆಲ್ಟ್ ಕಡ್ಡಾಯವಾಯಿತು.

ತೊಡೆ ಸೀಟಲ್ಲ

ಈಗ ನಮ್ಮ ಊರಿಗೆ ಬರೋಣ. ನಮ್ಮ ಕರಾವಳಿಯಲ್ಲಿ ಮದುವೆ ಎಂದರೆ ಒಂದು ಕಾರಿನಲ್ಲಿ ಒಂಬತ್ತು ಜನ. ಗಲ್ಫ್‌ನಿಂದ ಬರುವವರನ್ನು ಕರೆತರಲು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟರೆ ಮನೆಗೆ ಮನೆಯೇ ಹೊರಡುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ, ಹಿಂದಿನ ಸೀಟಿನ ನಡುವೆ ನಿಂತು ರಸ್ತೆ ನೋಡುವ ಹುಡುಗ, ಡಿಕ್ಕಿಯಲ್ಲಿ ಸೂಟ್‌ಕೇಸುಗಳ ನಡುವೆ ಇಬ್ಬರು. ಯಾರನ್ನೂ ಬಿಟ್ಟು ಹೋಗಬಾರದೆಂಬ ಪ್ರೀತಿಯೇ ಇದಕ್ಕೆ ಕಾರಣ, ಅದನ್ನು ನಾನು ಹೀಗಳೆಯುವುದಿಲ್ಲ. ಎರಡನೇ ಬಾಡಿಗೆ ಕಾರಿನ ಖರ್ಚೂ ಎಲ್ಲರಿಗೂ ಸುಲಭವಲ್ಲ. ಆದರೆ ಸ್ಟ್ಯಾಪ್ ಅವರ ಲೆಕ್ಕವನ್ನು ಈ ಕಾರಿಗೂ ಹಾಕಿ ನೋಡಬೇಕು.

ಗಂಟೆಗೆ 50 ಕಿ.ಮೀ. ಎಂದರೆ ನಮಗೆ ವೇಗವೇ ಅಲ್ಲ. ಅದು ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿನ ವಾಹನಕ್ಕೋ ಮರಕ್ಕೋ ಗುದ್ದಿದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಆಗ ಸರಾಸರಿ ಸುಮಾರು 14 ಜಿ. ತೊಡೆಯ ಮೇಲಿರುವ ಮಗು 10 ಕಿಲೋ ಇದ್ದರೆ, ಅದನ್ನು ಹಿಡಿದುಕೊಳ್ಳಲು ತಾಯಿಯ ತೋಳಿಗೆ ಸುಮಾರು 140 ಕಿಲೋ ಹೊರುವಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಮೂರು ಮೂಟೆ ಅಕ್ಕಿಯನ್ನು ಒಮ್ಮೆಗೇ ತೋಳಿಗೆ ಎಸೆದ ಹಾಗೆ. ಎಷ್ಟೇ ಪ್ರೀತಿಯಿಂದ ಅಪ್ಪಿಕೊಂಡ ಕೈಯೂ ಇದನ್ನು ತಡೆಯಲಾರದು. ತಾಯಿಯೂ ಬೆಲ್ಟ್ ಹಾಕದಿದ್ದರೆ, ಅವಳ ಇಡೀ ದೇಹದ ಭಾರ ಮಗುವನ್ನು ಡ್ಯಾಶ್‌ಬೋರ್ಡಿಗೆ ಒತ್ತುತ್ತದೆ. ತನಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿಕೊಂಡರೆ, ಬೆಲ್ಟಿಗೂ ತಾಯಿಯ ಮೈಗೂ ನಡುವೆ ಸಿಕ್ಕಿ ಮಗು ಜಜ್ಜಿಹೋಗುತ್ತದೆ. ಮುಂದಿನ ಸೀಟಿನ ಏರ್‌ಬ್ಯಾಗ್ ಬೆಲ್ಟ್ ಹಾಕಿದ ದೊಡ್ಡವರಿಗಾಗಿ ಮಾಡಿದ್ದು. ಸಿಡಿದಂತೆ ಉಬ್ಬುವ ಅದು ತೊಡೆಯ ಮೇಲಿನ ಮಗುವಿಗೆ ಪೆಟ್ಟೇ ಹೊರತು ರಕ್ಷಣೆಯಲ್ಲ.

ಹಿಂದಿನ ಸೀಟಿನಲ್ಲಿ ಕೂತವರಿಗೆ ಬೆಲ್ಟ್ ಬೇಡ ಎನ್ನುವವರು ಆಸ್ಕರ್ ಗೊಂಬೆಯನ್ನು ನೆನೆಯಲಿ. ಹಿಂದೆ ಬೆಲ್ಟ್ ಇಲ್ಲದೆ ಕೂತ ದೊಡ್ಡ ದೇಹ ಮುಂದಿನ ಸೀಟಿನವರ ಬೆನ್ನಿಗೆ ಬಂದು ಅಪ್ಪಳಿಸುತ್ತದೆ. ತಾನು ಸಾಯುವುದಲ್ಲದೆ ಬೆಲ್ಟ್ ಹಾಕಿದವರನ್ನೂ ಕೊಲ್ಲಬಲ್ಲದು.

ಇಲ್ಲಿಯೇ ಎಷ್ಟು ಜನ ಎಂಬ ಪ್ರಶ್ನೆ ಬರುವುದು. ಕಾರಿನ ಆರ್‌ಸಿಯಲ್ಲಿ ಸೀಟುಗಳ ಸಂಖ್ಯೆ ಬರೆದಿರುತ್ತದೆ, ಚಾಲಕನನ್ನೂ ಸೇರಿಸಿ. ಐದು ಎಂದಿದ್ದರೆ ಐದು. ಒತ್ತಿಕೊಂಡು ಕೂತರೆ ಎಂಟು ಜನ ಹಿಡಿಸುತ್ತಾರೆ ಎಂಬುದು ಜಾಗದ ಲೆಕ್ಕ. ಆರ್‌ಸಿಯ ಸಂಖ್ಯೆ ಜಾಗದ ಲೆಕ್ಕವಲ್ಲ. ಕಾರು ಥಟ್ಟನೆ ನಿಂತಾಗ ಎಷ್ಟು ದೇಹಗಳನ್ನು ಹಿಡಿದಿಡಬಲ್ಲದು ಎಂಬುದರ ಲೆಕ್ಕ ಅದು. ಐದು ಸೀಟಿನ ಕಾರಿನಲ್ಲಿ ಆರನೆಯವರಿಗೆ ಬೆಲ್ಟ್ ಇಲ್ಲ, ಹೆಚ್ಚಾಗಿ ಆ ಆರನೆಯವರು ಮಗುವೇ ಆಗಿರುತ್ತದೆ. ಇರುವವರಲ್ಲಿ ಅತ್ಯಂತ ಮೆದುವಾದ ದೇಹಕ್ಕೆ ರಕ್ಷಣೆ ಇಲ್ಲದ ಜಾಗ ಕೊಡುತ್ತೇವೆ. ಜೊತೆಗೆ ಭಾರ ಹೆಚ್ಚಿದಷ್ಟೂ ಬ್ರೇಕಿಗೂ ಟಯರಿಗೂ ಹೊರೆ ಹೆಚ್ಚು. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಇದರ ಅರ್ಥ ಏನೆಂದು ಚಾಲಕರನ್ನೇ ಕೇಳಬೇಕು.

ನಮ್ಮ ಕಾನೂನು ಇದನ್ನು ಒಪ್ಪಿಕೊಂಡಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಬಾಡಿಗೆ ವಾಹನದಲ್ಲಿ ಅನುಮತಿಗಿಂತ ಹೆಚ್ಚು ಜನರನ್ನು ತುಂಬಿದರೆ ಹೆಚ್ಚುವರಿಯಾದ ಪ್ರತಿಯೊಬ್ಬರಿಗೂ 200 ರೂಪಾಯಿ ದಂಡ, ಅವರನ್ನು ಇಳಿಸಿ ಬೇರೆ ವ್ಯವಸ್ಥೆ ಮಾಡುವವರೆಗೆ ವಾಹನ ಮುಂದೆ ಹೋಗುವಂತಿಲ್ಲ. ಯುಎಇಯಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ 2017ರಿಂದ ಕಡ್ಡಾಯ. ದುಬೈಯಲ್ಲಿ ಮಗುವನ್ನು ಅಂಥ ಸೀಟಿನಲ್ಲೇ ಕೂರಿಸುವ ನಮ್ಮ ಎಷ್ಟೋ ಬಂಧುಗಳು ಬಜ್ಪೆಯಲ್ಲಿ ಇಳಿದ ಕೂಡಲೇ ಅದೇ ಮಗುವನ್ನು ತೊಡೆಗೆ ಎತ್ತಿಕೊಳ್ಳುತ್ತಾರೆ. ದೇಶ ಬದಲಾದರೆ ನ್ಯೂಟನ್ನನ ನಿಯಮ ಬದಲಾಗುವುದಿಲ್ಲವಲ್ಲ.

ಮಕ್ಕಳನ್ನು ಹೇಗೆ ಕೂರಿಸಬೇಕು ಎಂಬುದು ಕಷ್ಟದ ವಿದ್ಯೆಯಲ್ಲ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ, ಕುತ್ತಿಗೆ ಎಳೆಯದು. ಅದಕ್ಕೇ ಅವಕ್ಕೆ ಹಿಂದಿನ ಸೀಟಿನಲ್ಲಿ ಹಿಮ್ಮುಖ ಚೈಲ್ಡ್ ಸೀಟ್ ಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಎಂದಿಗೂ ಇಡಬಾರದು. ಸ್ವಲ್ಪ ದೊಡ್ಡ ಮಕ್ಕಳಿಗೆ ಮುಮ್ಮುಖ ಚೈಲ್ಡ್ ಸೀಟ್. ಇನ್ನೂ ದೊಡ್ಡವರಿಗೆ ಬೂಸ್ಟರ್ ಎಂಬ ಎತ್ತರದ ಸೀಟು, ಏಕೆಂದರೆ ಕಾರಿನ ಬೆಲ್ಟ್ ದೊಡ್ಡವರ ಅಳತೆಯದು. ಕುಳ್ಳಗಿನ ಮಗುವಿಗೆ ಅದು ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ. ಬೆಲ್ಟ್ ಭುಜದ ಮೇಲೂ ಸೊಂಟದ ಎಲುಬಿನ ಮೇಲೂ ಹಾದುಹೋಗುವಷ್ಟು ಎತ್ತರ ಬೆಳೆದ ಮೇಲೆ ಬೂಸ್ಟರ್ ಬೇಡ. ಹಳೆಯ ಜೀಪು, ವ್ಯಾನುಗಳ ಅಡ್ಡ ಸೀಟಿನಲ್ಲಿ ಬೆಲ್ಟೇ ಇಲ್ಲದಿದ್ದರೆ ಮಕ್ಕಳನ್ನು ಅಲ್ಲಿ ಕೂರಿಸಲೇಬಾರದು.

ಚೈಲ್ಡ್ ಸೀಟಿಗೆ ದುಡ್ಡು ಬೇಕು, ನಿಜ. ಆದರೆ ಒಬ್ಬರ ಮಗು ಬೆಳೆದ ಮೇಲೆ ಅದು ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ತೊಟ್ಟಿಲು ಮನೆಯಿಂದ ಮನೆಗೆ ಹೋಗುವ ಹಾಗೆ ಇದೂ ಹೋಗಲಿ. ಅಪಘಾತದಲ್ಲಿ ಪೆಟ್ಟು ತಿಂದ ಸೀಟು ಮಾತ್ರ ಬೇಡ. ನಮ್ಮ ಮನೆಯಲ್ಲಿ ಅಬ್ಬ ಈಗ ಕಾರು ಹೊರಡಿಸುವ ಮುನ್ನ ತಲೆ ಎಣಿಸುವುದಿಲ್ಲ, ಬೆಲ್ಟ್ ಸಿಕ್ಕಿಸಿದ ಸದ್ದು ಎಣಿಸುತ್ತಾರೆ. ಎಲ್ಲ ಸದ್ದೂ ಕೇಳಿದ ಮೇಲೆಯೇ ಗೇರ್ ಹಾಕುವುದು. ಹೆಚ್ಚು ಜನರಾದರೆ ಉಮ್ಮ ಮತ್ತು ನಾನು ಬಸ್ಸಿನಲ್ಲಿ ಹೋಗುತ್ತೇವೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಕೊನೆಯ ವರ್ಷಗಳು

ಸ್ಟ್ಯಾಪ್ 1957ರಲ್ಲಿ ಲಿಲಿಯನ್ ಎಂಬವರನ್ನು ಮದುವೆಯಾದರು. 1970ರಲ್ಲಿ ವಾಯುಪಡೆಯಿಂದ ಕರ್ನಲ್ ಆಗಿ ನಿವೃತ್ತರಾದರು. ನಿವೃತ್ತಿಯ ನಂತರವೂ ಸುರಕ್ಷತೆಯ ಬಗ್ಗೆ ಮಾತನಾಡುವುದನ್ನು ಬಿಡಲಿಲ್ಲ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ಬಂತು. 1999ರ ನವೆಂಬರ್ 13ರಂದು, ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ತಮ್ಮ ಮನೆಯಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೊಂದು ಸಲ ಸಾವಿನ ಬಂಡಿ ಏರಿದವರು ಹಾಸಿಗೆಯಲ್ಲಿ ಸಹಜವಾಗಿ ಸಾಯುವಷ್ಟು ಕಾಲ ಬದುಕಿದರು. ಬೆಲ್ಟಿನ ಬಗ್ಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಸ್ಟ್ಯಾಪ್ ಅವರಿಂದ ಬದುಕಿದವರಿಗೆ ಅವರ ಹೆಸರೂ ಗೊತ್ತಿಲ್ಲ. ಅಪಘಾತದಲ್ಲಿ ಬೆಲ್ಟ್ ಹಿಡಿದು ಉಳಿಸಿದ ಮಗುವಿಗೆ ಯಾರ ನೋವಿನಿಂದ ಆ ಪಟ್ಟಿ ಬಂತೆಂದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಹದಿನೆಂಟರ ಹುಡುಗನೊಬ್ಬ ಒಂದು ಮಗುವನ್ನು ಉಳಿಸಲಾಗದೆ ಸೋತ. ಮುಂದೆ ಜಗತ್ತಿನ ಎಷ್ಟೋ ಮಕ್ಕಳು ಅವನ ಕೆಲಸದಿಂದ ಉಳಿದರು.

ಗೆಳೆಯರೇ, ಗೆಳತಿಯರೇ, ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಲೈಸೆನ್ಸ್ ಇಲ್ಲ. ಆದರೆ ಕಾರಿನಲ್ಲಿ ತಮ್ಮ ತಂಗಿಯರ ಪಕ್ಕದಲ್ಲಿ ಕೂರುವವರು ನಾವೇ. ಬೆಲ್ಟ್ ಎಳೆದು ಸಿಕ್ಕಿಸುವುದು, ಸೀಟು ಸಾಲದಿದ್ದರೆ ಇನ್ನೊಂದು ಗಾಡಿ ಕರೆಯೋಣವೆಂದು ಹಿರಿಯರಿಗೆ ವಿನಯದಿಂದ ಹೇಳುವುದು ನಮ್ಮ ಕೈಯಲ್ಲಿದೆ. ಮೊದಲ ದಿನ ನಗುತ್ತಾರೆ, ಎರಡನೇ ದಿನ ಗೊಣಗುತ್ತಾರೆ, ಮೂರನೇ ದಿನ ತಾವೇ ಬೆಲ್ಟ್ ಹುಡುಕುತ್ತಾರೆ. ನಮ್ಮ ಕಾಲೇಜಿನ ಪ್ರತಿ ಮನೆಯಲ್ಲಿ ಒಬ್ಬರಾದರೂ ಹೀಗೆ ಹೇಳಿದರೆ, ಮುಂದಿನ ಮದುವೆಗೆ ಹೊರಡುವ ಕಾರುಗಳಲ್ಲಿ ಎಷ್ಟು ಮಕ್ಕಳು ತಮ್ಮದೇ ಸೀಟಿನಲ್ಲಿ ಕೂತಿರುತ್ತಾರೆ ಎಂದು ಯೋಚಿಸಿ.